ನಂಬರು ಕೂಡುವುದಿಲ್ಲ

ಗ್ಯಾರೇಜಿನ ಕದ ಜಗ್ಗಿದಾಗ ಮೊದಲು ಬಂದದ್ದು ಇಲಿಯ ನಾತ,
ಆಮೇಲೆ ಹಳೇ ಪೆಟ್ರೋಲು, ಆಮೇಲೆ ಅಪ್ಪ.
ಮೂರು ಟಾರ್ಪಾಲು ಎಳೆದು ಹಾಕಿದೆವು, ನಾನು, ಅಣ್ಣ ಯೂರಿಸ್.
ಟೈರುಗಳಲ್ಲಿ ಉಸಿರಿಲ್ಲದೆ, ಹೊಟ್ಟೆ ನೆಲಕ್ಕೆ ಹಚ್ಚಿ
ಮಲಗಿತ್ತು ಎಪ್ಪತ್ತೆರಡರ ವ್ಯಾಲಿಯಂಟ್ ಚಾರ್ಜರ್.
ಅಪ್ಪನ ಕಣ್ಣು ಮಂಜಾದ ವರ್ಷ ಮುಚ್ಚಿದ ಕದ ಅದು;
ಕೀಲಿ ಅಮ್ಮನ ಸಕ್ಕರೆ ಡಬ್ಬಿಯ ಹಿಂದೆ, ಇರುವೆ ಕಾವಲಲ್ಲಿ.

ವೈಯಾಲ್ಲಾ ಅಂದರೆ ಕಬ್ಬಿಣದ ಅದಿರಿನ ಊರು.
ಒಣಹಾಕಿದ ಬಟ್ಟೆ ಕೆಂಪು, ಬೆಕ್ಕು ಕೆಂಪು,
ಕಿಟಕಿ ತೆರೆದಿಟ್ಟರೆ ಬೆಣ್ಣೆಯೂ ಕೆಂಪು.
ಇಂಥಲ್ಲಿಗೆ ಬಿಳಿ ಕಾರು ತಂದಿದ್ದ ಅಪ್ಪ.
‘ತಲೆ ನೆಟ್ಟಗಿದೆಯಾ ಆರ್ವಿಡ್ಸ್?’ ಅಂದಳಂತೆ ಅಮ್ಮ.
ಕಿತ್ತಳೆ ಬಣ್ಣದ್ದಕ್ಕೆ ಆರು ವಾರ ಕಾಯಬೇಕಿತ್ತು,
ಬಿಳಿಯದು ಶೋರೂಮಿನಲ್ಲೇ ನಿಂತಿತ್ತು, ಅಷ್ಟೇ ಕಾರಣ.
ಶನಿವಾರ ಶನಿವಾರ ಬಕೆಟ್ಟು, ಸ್ಪಂಜು, ಅವನದೊಂದು ಹರಕು ಬನಿಯನ್ನು.
ರಸ್ತೆಗಿಳಿದರೆ ಬೀದಿಯ ಹುಡುಗರು ಎರಡು ಬೆರಳೆತ್ತಿ ಕೂಗುತ್ತಿದ್ದರು.
ನನಗೆ ಅವರ ಬಾಯಿ ಮಾತ್ರ ಕಾಣುತ್ತಿತ್ತು.

ಎರಡೂ ಕಿವಿ ಸೋರುತ್ತಿದ್ದವು ನನಗೆ, ಹುಟ್ಟಿ ಎರಡು ವರ್ಷಕ್ಕೇ ಮಂದ.
ಎಂಜಿನ್ನನ್ನು ನಾನು ಕೇಳಿದ್ದು ದವಡೆಯಲ್ಲಿ,
ಬಾಗಿಲಿಗೆ ಕೆನ್ನೆಯಾನಿಸಿ.
ಹಲ್ಲು ಹಲ್ಲಿನ ಬುಡದಲ್ಲಿ
ಗುಡುಗುತ್ತಿತ್ತು ಇನ್ನೂರ ಅರವತ್ತೈದು ಘನ ಇಂಚು.

ಹದಿನಾಲ್ಕು ತಿಂಗಳಾಯಿತು ಉಪ್ಪುಕಾಗದ ಹಿಡಿದು.
ಉಜ್ಜಿದಷ್ಟೂ ಬಾಯಿ ಬಿಡುತ್ತದೆ ತಗಡು:
ಇಲ್ಲಿ ಪುಟ್ಟಿ, ಅಮ್ಮ ಅಂಚೆಪೆಟ್ಟಿಗೆಗೆ ಗುದ್ದಿದ್ದು.
ಇಲ್ಲಿ ಬ್ರಷ್ಷಿನಲ್ಲಿ ಬಳಿದ ನೀಲಿ ಪಟ್ಟೆ,
‘ನಾನಲ್ಲ’ ಎಂದು ನಲವತ್ತು ವರ್ಷ ಸಾಧಿಸಿದ್ದ ಯೂರಿಸ್.
ಹಿಂಬದಿ ಸೀಟಿನಡಿ ಹೇರ್‌ಪಿನ್ನು, ಅರ್ಧ ಬಕೆಟ್ಟು ಕೆಂಪು ಮಣ್ಣು,
ಮೀನಿನ ಗಾಳ. ಅದು ಸಿಕ್ಕಿದ್ದು ನನ್ನ ಹೆಬ್ಬೆರಳಿಗೇ.

ಪೋರ್ಟ್ ಪಿರಿಯಿಂದ ಪೆಂಗೆಲ್ಲಿ ಬಂದ, ಬೆಲೆ ಕಟ್ಟುವವನು.
ಹೆಣ್ಣು ನೋಡಲು ಬಂದವರ ಹಾಗೆ
ಬಿಸ್ಕತ್ತು ಮುಟ್ಟದೆ ಸುತ್ತು ಹಾಕಿದ, ಟಾರ್ಚು ಬಿಟ್ಟ,
ಎಂಜಿನ್ನಿನ ಮಗ್ಗುಲು ಒರೆಸಿದ, ಮೀಸೆಯೊಳಗೇ ಅಂದ:
‘ನಂಬರು ಕೂಡುವುದಿಲ್ಲ. ಇದು ಯಾವುದೋ ಟ್ಯಾಕ್ಸಿಯದು, ಇನ್ನೂರ ಹದಿನೈದು.
ಬೆಲೆ ಅರ್ಧಕ್ಕರ್ಧ ಬೀಳುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.’

ಅವನು ಹೋದ ಮೇಲೆ ಯೂರಿಸ್ ಸ್ಪ್ಯಾನರು ಒರೆಸಿದ, ಒರೆಸಿದ್ದನ್ನೇ ಒರೆಸಿದ.
‘ದೀಪ ಹಿಡಿದವನು ನಾನೇ,’ ಅಂದ.
ಎಪ್ಪತ್ತೆಂಟು. ಶಿಪ್‌ಯಾರ್ಡು ಮುಚ್ಚಿದ ಚಳಿಗಾಲ.
ವೆಲ್ಡರುಗಳು ಒಬ್ಬೊಬ್ಬರೇ ಊರು ಬಿಡುತ್ತಿದ್ದರು.
ಅಪ್ಪ ತೊಲೆಗೆ ಸರಪಣಿ ಬಿಗಿದು ಎಂಜಿನ್ನು ಎತ್ತಿದ.
ರೇಸಿನವನೊಬ್ಬ ಟ್ರಕ್ಕು ತಂದಿದ್ದ, ನೋಟು ಎಣಿಸುವಾಗ ಇಬ್ಬರೂ ಮಾತಾಡಲಿಲ್ಲ.
‘ಯಾತಕ್ಕೆ?’ ಅಂದೆ.
ಯೂರಿಸ್ ನನ್ನ ಕಿವಿಯ ಹಿಂದಿನ ಗೆರೆ ನೋಡಿದ.

ಅಡಿಲೇಡಿನ ಆಸ್ಪತ್ರೆ. ಬ್ಯಾಂಡೇಜು ಬಿಚ್ಚಿದ ದಿನ
ಕಾಗದ ಮಡಿಚಿದ್ದೂ ಕೇಳಿತ್ತು, ನರ್ಸಿನ ಬೂಟೂ ಕೇಳಿತ್ತು.
ಓಡಿಹೋಗಿ ಕಾರಿನ ಮುಂದೆ ನಿಂತೆ. ಅಪ್ಪ ಕೀಲಿ ತಿರುವಿದ.
ಹೊಲಿಗೆ ಯಂತ್ರದ ಹಾಗೆ ಏನೋ.
‘ಇಷ್ಟೇನಾ?’
ಆರು ವರ್ಷದವಳು, ನಿರಾಸೆ ಮುಚ್ಚಿಡಲು ಬರುತ್ತಿರಲಿಲ್ಲ.
‘ಇಷ್ಟೇ, ಇಲ್ಜೆ,’ ಅಂದ. ಬಾನೆಟ್ಟು ತೆರೆಯಲಿಲ್ಲ.
ಆಮೇಲೆ ಎಂದೂ ನಮ್ಮೆದುರು ತೆರೆಯಲಿಲ್ಲ.

ಆ ಎಂಜಿನ್ನು ಯಾರ ಶೆಡ್ಡಿನಲ್ಲಿದೆಯೋ ಹುಡುಕಿಕೊಡುತ್ತೇನೆಂದು
ಪೆಂಗೆಲ್ಲಿ ಎರಡು ಸಲ ಫೋನು ಮಾಡಿದ. ಇರಲಿ ಬಿಡಿ ಅಂದೆ.
ಟ್ಯಾಕ್ಸಿಯದನ್ನೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ಮೀಯಿಸಿ,
ಹೊಸ ರಿಂಗು ಹಾಕಿ, ಅದರ ಜಾಗದಲ್ಲೇ ಕೂರಿಸಿದೆವು.
ನಿನ್ನೆ ಐರನ್ ನಾಬ್ ದಾರಿಯ ದಿಬ್ಬದಲ್ಲಿ ಅದಕ್ಕೆ ಏದುಸಿರು.
ಅದಿರಿನ ಲಾರಿಯೊಂದು ಹಾರ್ನು ಹೊಡೆದು ಮುಂದೆ ಹೋಯಿತು.
ಒಂದೊಂದು ವಾಲ್ವೂ ಬೇರೆ ಬೇರೆ ಕೇಳಿಸುತ್ತಿತ್ತು ನನಗೆ.

ಮನೆ ಮುಟ್ಟುವಾಗ ಬಿಳಿ ಬಣ್ಣ ಎಲ್ಲೂ ಇರಲಿಲ್ಲ.
‘ಬಕೆಟ್ಟೆಲ್ಲಿ?’ ಅಂದ ಯೂರಿಸ್.