ಪೊಟ್ಟಣ ನೂರಾ ಹದಿನೇಳು

ಮೂವತ್ತಾರು ವರ್ಷ ಇದು ರಾಮಲೈನಾ ಆಗಿತ್ತು.
ಲೇಬಲ್ಲಿನಲ್ಲಿ ಹಾಗೇ ಇದೆ, ನೀಲಿ ಶಾಯಿ, ಓರೆ ಅಕ್ಷರ:
ಸದಾಶಿವಗಡ, ಕೋಟೆಯ ಕೆಳಗೆ, ಮಾವಿನ ತೊಗಟೆ,
ಗಾಳಿ ಬಡಿಯುವ ಮಗ್ಗುಲು.
ಬರೆದವರು ಯಾರೋ, ಸಹಿ ಇಲ್ಲ.

ಬಿಚ್ಚಿದೆ. ಹಳೇ ಪತ್ರಿಕೆಯ ಮಡಿಕೆಯೊಳಗೆ
ಬೂದಿಬಣ್ಣದ ಪೊದೆ, ಹೆಬ್ಬೆರಳಿನಷ್ಟು.
ಕವಲು, ಕವಲಿಗೆ ಕವಲು,
ಬೇರಿಲ್ಲ, ಎಲೆಯಿಲ್ಲ. ಹೂವೂ ಇಲ್ಲ,
ಊರವರು ಇಂಥವನ್ನೆಲ್ಲ ಕಲ್ಲುಹೂ ಅಂದರೂ.

ಕಾಲೇಜಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿ
ಒಂದು ಚಿಟಿಕೆ, ನೀರಲ್ಲಿ ಕದಡಿ,
ಕಡ್ಡಿಯ ತುದಿಯಿಂದ ಒಂದೇ ಹನಿ.
ರಾಮಲೈನಾ ಆಗಿದ್ದರೆ ಸುಮ್ಮನಿರಬೇಕಿತ್ತು.
ಕೆಂಪಾಯಿತು.
ಎಲೆಯಡಿಕೆ ಜಗಿದ ತುಟಿಯ ಹಾಗೆ, ಒಂದು ಗಳಿಗೆ,
ಆಮೇಲೆ ಮಾಸಿತು.

ಹಳೇ ಹೆಸರನ್ನು ಹೊಡೆದುಹಾಕುವಂತಿಲ್ಲ.
ಪಕ್ಕಕ್ಕೊಂದು ಚೀಟಿ ಅಂಟಿಸಬೇಕು: ರೊಸೆಲ್ಲಾ,
ತಾರೀಖು, ನನ್ನ ಹೆಸರು.
ತಪ್ಪೂ ಪೊಟ್ಟಣದಲ್ಲೇ ಇರುತ್ತದೆ, ಸರಿಯ ಪಕ್ಕ, ಒಣಗಿ.

ಭಾನುವಾರ ಹೊಳೆ ದಾಟಿ ಹೋದೆ. ಮಾವು ಇತ್ತು.
ಅದರಡಿ ಬಳಚು ಬಿಡಿಸುತ್ತ ಕೂತ ಶೆವಂತಿ ತಾಂಡೇಲ
ತಲೆಯೆತ್ತದೆ ಕೇಳಿದಳು:
"ಅಕ್ಕೋರೆ, ಅದರ ಜಾತಿ ಯಾವುದು?"

ನಮ್ಮ ಪುಸ್ತಕದಲ್ಲೂ ಅದು ಜಾತಿಯೇ,
ಮೇಲೆ ಕುಟುಂಬ, ಅದರ ಮೇಲೆ ಗಣ, ವರ್ಗ.
ಬೇರೆ ಮಾತೇ ಸಿಗಲಿಲ್ಲವೇನೋ ನಮ್ಮವರಿಗೆ.

ಹೇಳಿದೆ: ಇದು ಒಂದಲ್ಲ, ಎರಡು.
ಒಂದು ಬೂಷ್ಟು, ಗೋಡೆ ಎಬ್ಬಿಸುತ್ತದೆ, ಮಾಡು ಹೊದಿಸುತ್ತದೆ.
ಒಂದು ಪಾಚಿ, ಒಳಗೆ ಕೂತು ಬಿಸಿಲು ಬೇಯಿಸಿ
ಇಬ್ಬರಿಗೂ ಬಡಿಸುತ್ತದೆ.
"ಹೆಸರು ಯಾರದ್ದು?"
ಬೂಷ್ಟಿನದ್ದು.
"ದೋಣಿಯ ಕಾಗದದ ಹಾಗೆ" ಅಂದಳು,
ಚಿಪ್ಪಿನ ಮೇಲೊಂದು ಚಿಪ್ಪು ಎಸೆಯುತ್ತ.

ಉಗುರಲ್ಲಿ ಕೆರೆದು ತೋರಿಸಿದೆ ಒಳಗಿನವಳನ್ನು.
ಹಸಿರು ಪಾಚಿಗಳ ಪಟ್ಟಿಯಲ್ಲಿದ್ದಾಳೆ,
ಬಣ್ಣ ಮಾತ್ರ ಕಿತ್ತಳೆ.
ಶೆವಂತಿ ಈಗ ಎದ್ದು ಬಂದಳು, ಕೈ ಒರೆಸಿಕೊಂಡು, ಬಗ್ಗಿ ನೋಡಿದಳು.
"ಅಯ್ಯ, ಇದು ನಮ್ಮ ಬಾವಿಕಟ್ಟೆ ಮೇಲಿದೆಯಲ್ಲ!
ಮಳೆ ಬಿತ್ತು ಅಂದರೆ ತುಕ್ಕು ಹಿಡಿದ ಮಕಮಲ್ಲು.
ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ತಿಕ್ಕಿ ನನಗೆ ಸಾಕಾಗಿದೆ.
ಅಲ್ಲಿ ಅದೊಂದೇ ಇರ್ತದೆ, ಯಾವ ಬೂಷ್ಟೂ ಬೇಕಾಗಿಲ್ಲ."

ಹೌದು, ಅದು ಒಂಟಿಯಾಗಿ ಬದುಕೀತು.
ಇನ್ನೊಂದು ಹಾಗೆ ಹೊರಗೆ ಬದುಕಿದ್ದನ್ನು
ನಾನಂತೂ ಕಂಡಿಲ್ಲ.

ಚೀಟಿ ಆರು ಸೆಂಟಿಮೀಟರ್. ಇದಕ್ಕೆಲ್ಲ ಜಾಗವಿಲ್ಲ.
ಟಿಪ್ಪಣಿ ಅನ್ನುವ ಗೆರೆಯ ಮೇಲೆ, ಅಕ್ಷರ ಸಣ್ಣದು ಮಾಡಿ, ಬರೆದೆ:
ಬ್ಲೀಚಿಂಗ್ ನೀರಿಗೆ ಕೆಂಪು. ಕೆರೆದರೆ ಕಿತ್ತಳೆ.
ಕಿತ್ತಳೆಯನ್ನು ಗುರುತಿಸಿದವರು ಶೆವಂತಿ ತಾಂಡೇಲ,
ಬಾವಿಕಟ್ಟೆ, ಚಿತ್ತಾಕುಲ.