ಜೀವಂತ ಪ್ರಮಾಣಪತ್ರ

ನಾನು ಬದುಕಿದ್ದೇನೆಂದು
ಗದಗದ ಖಜಾನೆಗೆ ಪ್ರತಿ ನವೆಂಬರ್ ತಿಳಿಸಬೇಕು.
ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಬೆರಳಚ್ಚಿನ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.
ಪಾತ್ರೆ, ಹುಣಸೆಹಣ್ಣು, ಅರವತ್ತೊಂಬತ್ತು ವರ್ಷ,
ಗೆರೆಯೇ ಉಳಿದಿಲ್ಲ.
ಓಟಿಪಿ ಹೋಗುವುದು ಹಳೆಯ ನಂಬರಿಗೆ;
ಅದೀಗ ಯಾವನೋ ಟ್ರ್ಯಾಕ್ಟರಿನವನ ಜೇಬಿನಲ್ಲಿದೆ.
ಬೆಳಗಿನ ಜಾವ ನಾಲ್ಕಕ್ಕೆದ್ದು ಫೋನು ಮಾಡಿದರೆ
‘ಬರ್ಕೋರಿ ಅಕ್ಕಾರ’ ಅಂತ ಒಂದೊಂದೇ ಅಂಕಿ ಓದುತ್ತಾನೆ, ಪಾಪ.
ಆರನೆಯದು ಬರುವಷ್ಟರಲ್ಲಿ
ಅವಧಿ ಮುಗಿದಿರುತ್ತದೆ.

ಕೊನೆಗೆ ಸ್ವಿಂಡನ್ನಿನ ನೋಟರಿ,
ಕಬಾಬ್ ಅಂಗಡಿಯ ಮೇಲಿನ ಮಹಡಿ.
ಎಂಬತ್ತೈದು ಪೌಂಡು. ಕಾರ್ಡು ತಟ್ಟಿದೆ,
ಯಂತ್ರ ಒಮ್ಮೆ ಕುಂಯ್ ಎಂದಿತು.
ಹುಡುಗ ಪಾಸ್‌ಪೋರ್ಟು ನೋಡಿದ, ನನ್ನ ನೋಡಿದ,
ಮತ್ತೆ ಪಾಸ್‌ಪೋರ್ಟು.

ಸಬ್ ರಿಜಿಸ್ಟ್ರಾರ್ ಮೇಜಿನ ಹಿಂದೆ
ಮೂವತ್ತೊಂದು ವರ್ಷ
ಹೀಗೇ ನೋಡಿದವಳು ನಾನು.
ಸಹಿ ಹೊಂದುವುದಿಲ್ಲವೆಂದು ಫಕೀರಪ್ಪನೆಂಬ ಮುದುಕನನ್ನು
ಮೂರು ಸಲ ವಾಪಸು ಕಳಿಸಿದ್ದೆ.
ನಾಲ್ಕನೇ ಸಲ ಅವನ ಮಗಳು ಬಂದಳು,
ಬೇರೆ ಕಾಗದ ಹಿಡಿದು.
ಅದಕ್ಕೆ ಸಾಕ್ಷಿ ಕೇಳುವಂತಿರಲಿಲ್ಲ.

‘ಎಲ್ಲ ಸರಿಯಿದೆ ಮಿಸೆಸ್ ನೀಲ್,’ ಎಂದ ಹುಡುಗ.
ನೀಲಗಂಗಾ ಅನ್ನಲು ಹೋಗಿ ಸುಮ್ಮನಾದೆ.
ಮೊಹರು ಬಿತ್ತು. ಶಾಯಿ ಹಸಿಯಿತ್ತು.
ಬಗ್ಗಿ ಊದಿದೆ.
ಒಣಗಿತು.