ಮೌನಕ್ಕೂ ಅದೇ ದರ

ನಿಮಿಷಕ್ಕೆ ಹದಿನಾಲ್ಕು ರೂಪಾಯಿ.
ಬದಿಯಡ್ಕದಲ್ಲಿ ಝೆರಾಕ್ಸ್ ಅಂಗಡಿಯ ಮಾಳಿಗೆ,
ಕಿವಿಗೆ ಹೆಡ್‌ಫೋನು, ಕಾಲ ಬುಡದಲ್ಲಿ ಸೊಳ್ಳೆಬತ್ತಿ.
ಕೇಳಿದ್ದನ್ನು ಕೇಳಿದ ಹಾಗೆಯೇ ಟೈಪು ಮಾಡಬೇಕು,
ಅಷ್ಟೇ ಕೆಲಸ. ಮೌನಕ್ಕೂ ಅದೇ ದರ.

ಒಟ್ಟು ಎಂಬತ್ತೆರಡು ರೆಕಾರ್ಡು.
ಮೂರನೇ ವರ್ಷದ ಡಾಕ್ಟರ್ ಮಕ್ಕಳು
ರೋಗಿಯ ಮಂಚದ ಪಕ್ಕ ಸ್ಟೂಲು ಎಳೆದು ಕೂತು
ಎಂತ ಆಗ್ತದೆ ಎಂದು ಕೇಳಲು ಕಲಿಯುವುದು ಹೇಗೆ,
ಇದು ಲಿಸಮ್ಮ ಮೇಡಮ್ಮನ ಸಂಶೋಧನೆ.
ಹೆಸರಿಲ್ಲ ಯಾರಿಗೂ. ವಿದ್ಯಾರ್ಥಿಯೆಂದರೆ ವಿ, ರೋಗಿಯೆಂದರೆ ರೋ,
ಮುಂದೆ ಒಂದು ನಂಬರು.
ನಕ್ಕರೆ ಬ್ರಾಕೆಟ್ಟಿನಲ್ಲಿ ನಗು,
ಕೆಮ್ಮಿದರೆ ಕೆಮ್ಮು,
ಸುಮ್ಮನಿದ್ದರೆ ಎಷ್ಟು ಸೆಕೆಂಡು.
ತಿಳಿಯದೇ ಹೋದರೆ: ಅಸ್ಪಷ್ಟ.

ಮೊದಲ ದಿನವೇ ಹೇಳಿದ್ದೆ,
ಮೇಡಂ, ಇಲ್ಲಿ ನೋವಿಗೆ ಒಂದೇ ಭಾಷೆ ಇಲ್ಲ.
ತುಳುವರ ಬೇನೆ, ಈ ಕಡೆಯ ಮಲಯಾಳದ ಬೇನ,
ನಿಮ್ಮ ಪುಸ್ತಕದ ವೇದನ,
ಮರಾಟಿಯವರ ಮನೆಯೊಳಗಿನದ್ದು ಬೇರೆ, ಬ್ಯಾರಿಗಳದ್ದು ಬೇರೆ.
ಅವರು ಎಕ್ಸೆಲ್ಲಿನಲ್ಲಿ ಒಂದು ಕಾಲಂ ಹೆಚ್ಚು ಮಾಡಿದರು.

ವಿ-೯. ಒಳ್ಳೆ ಹುಡುಗ, ಎಲ್ಲ ಬಾಯಿಪಾಠ.
ಎಲ್ಲಿ, ಯಾವಾಗಿಂದ, ಊಟಕ್ಕೆ ಮೊದಲೋ ಮತ್ತೆಯೋ,
ಹಬ್ಬುತ್ತದೋ, ಹತ್ತರಲ್ಲಿ ಎಷ್ಟು.
ರೋ-೩೧ ಹೇಳುತ್ತಾಳೆ: ಉಡಲ್ ಪೊತ್ತುಂಡು, ಮಗಾ.
ಓಕೆ, ಎರಿಚ್ಚಿಲ್, ಅನ್ನುತ್ತಾನೆ.
ಪೆನ್ನಿನ ಶಬ್ದ. ಗ್ಯಾಸ್.
ಒಂದು ಪ್ರಶ್ನೆಯೂ ಬಿಟ್ಟಿಲ್ಲ. ಇಪ್ಪತ್ತಕ್ಕೆ ಹದಿನೆಂಟು.

ಅಲ್ಲಿಗೆ ನಿಲ್ಲಿಸಿ ನೀರು ಕುಡಿದೆ.
ಉಡಲ್ ಅಂದರೆ ಹೊಟ್ಟೆಯಲ್ಲ. ಎದೆಯೂ ಪೂರ್ತಿ ಅಲ್ಲ.
ತೋರಿಸಲು ಹೋದರೆ
ಕೈ ಯಾವಾಗಲೂ ಸ್ವಲ್ಪ ಪಕ್ಕಕ್ಕೆ ಬೀಳುವ ಜಾಗ.
ಅಡಿಟಿಪ್ಪಣಿ ಹಾಕಲೇ ಎಂದು ಕೇಳಿದೆ.
ಹಾಕಿ, ಒಂದು ಸಾಲು ಸಾಕು, ಅಂದರು.
ಒಂದು ಸಾಲಿನಲ್ಲಿ ನನ್ನಿಂದ ಆಗಲಿಲ್ಲ.

ಎರಡು ದಿನ ಕಳೆದು ಅದೇ ರೋ-೩೧,
ಎದುರಿಗೆ ವಿ-೧೭. ಹುಡುಗಿ. ತೆಂಕಲಿನ ಮಲಯಾಳ.
ತುಳು ಕಲಿತದ್ದು ಹಾಸ್ಟೆಲಿನ ಅಡುಗೆಯವಳಿಂದ ಇರಬೇಕು,
ಉಂಡಿರಾ ಎಂದು ಕೇಳುವಲ್ಲಿ ಬಡಿಸಿ ಎಂದಳು.
(ನಗು, ಇಬ್ಬರೂ.)
ಮತ್ತೆ ಅದೇ ಮಾತು, ಉಡಲ್ ಪೊತ್ತುಂಡು.
ಹುಡುಗಿಗೆ ಗೊತ್ತಾಗಲಿಲ್ಲ.
ಗೊತ್ತಾಯಿತೆಂದು ಹೇಳಲೂ ಇಲ್ಲ.

ಹತ್ತೊಂಬತ್ತು ಸೆಕೆಂಡು.
ಫ್ಯಾನು. ದೂರದಲ್ಲಿ ಯಾರೋ ಸ್ಟೀಲಿನ ತಟ್ಟೆ ಬೀಳಿಸಿದ್ದು.
ಬಳೆಯೊಂದು ಮಂಚದ ಕಬ್ಬಿಣಕ್ಕೆ ತಾಗಿದ್ದು, ಯಾರ ಬಳೆಯೋ.
ಆಮೇಲೆ ರೋ-೩೧ ಹೇಳಿದಳು.

ಎಂತ ಹೇಳಿದಳೆಂದು ನಿಮಗೆ ಹೇಳುವ ಹಾಗಿಲ್ಲ,
ಸಹಿ ಹಾಕಿದ್ದೇನೆ.
ಆರು ನಿಮಿಷ. ಟೈಪು ಮಾಡಲು ಒಂದು ಇಡೀ ಸಂಜೆ ಬೇಕಾಯಿತು.
ವಿ-೧೭ಕ್ಕೆ ಇಪ್ಪತ್ತಕ್ಕೆ ಹನ್ನೊಂದು.
ಹಬ್ಬುತ್ತದೋ ಎಂದು ಕೇಳಲಿಲ್ಲವಂತೆ.
ಸಮಯ ಮೀರಿತಂತೆ.

ಕರಡು ವರದಿ ಬಂತು. ಒಳ್ಳೆಯ ವರದಿ, ಸುಳ್ಳಿಲ್ಲ.
ಕೋಷ್ಟಕ ನಾಲ್ಕು: ಮಾತಿನ ನಡುವಿನ ಮೌನ, ಸರಾಸರಿ ಎರಡು ಸೆಕೆಂಡು.
ಎಂಬತ್ತೆರಡು ಜನ ಹಂಚಿಕೊಂಡರೆ
ಹತ್ತೊಂಬತ್ತರಲ್ಲಿ ಎಷ್ಟು ಉಳಿಯುತ್ತದೆ ಯಾರ ಕೈಯಲ್ಲಿ?
ಮೇಡಮ್ಮಿಗೂ ಗೊತ್ತುಂಟು. ಆ ಸಾಲಿನ ಬದಿಯಲ್ಲಿ
ಪೆನ್ಸಿಲಿನ ಒಂದು ಪ್ರಶ್ನೆಚಿಹ್ನೆ,
ಅವರೇ ಹಾಕಿ ಅವರೇ ಅರ್ಧ ಉಜ್ಜಿದ್ದು.

ಮೊನ್ನೆ ಕುಂಬಳೆ ಬಸ್ಸಿನಲ್ಲಿ
ಹಿಂದಿನ ಸೀಟಿನಿಂದ ಆ ಸ್ವರ.
ತಿರುಗಲಿಲ್ಲ. ತಿರುಗಬಾರದು.
ಖಾಲಿ ಮೀನುಬುಟ್ಟಿಯ ಅಜ್ಜಿಯೊಡನೆ ಕೇಳುತ್ತಿದ್ದಳು:
ಉಡಲ್ ಪಂಡ ದಾದ?

ಅಜ್ಜಿ ಮಾತಾಡಲಿಲ್ಲ.
ಅಭ್ಯಾಸಬಲ, ನಾನು ಎಣಿಸತೊಡಗಿದೆ.
ನೀರ್ಚಾಲು ಕಳೆಯಿತು.
ನೂರ ನಲ್ವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು.
ಸೀತಾಂಗೋಳಿಯಲ್ಲಿ ಯಾರೋ ಇಳಿದರು,
ಬುಟ್ಟಿ ಸೀಟಿಗೆ ಉಜ್ಜಿದ ಶಬ್ದ.
ಹುಡುಗಿ ಎರಡನೇ ಸಲ ಕೇಳಲಿಲ್ಲ,
ಎದ್ದು ಹೋಗಲೂ ಇಲ್ಲ.